ಓದುಗರ ಪ್ರಶ್ನೆ: ಸೆನ್ಸರನ್ನು ಆಫ್ ಮಾಡಬೇಕಾದವರು ಯಾರು?

ಪ್ರಶ್ನೆ: ಸೋಮವಾರಪೇಟೆ ಬಳಿಯ ನಮ್ಮ ಕಾಫಿ ತೋಟದಲ್ಲಿ ತಾಪಮಾನ ಮತ್ತು ತೇವಾಂಶವನ್ನು ದಾಖಲಿಸಲು, ಲಿನಕ್ಸ್ ಓಡುವ ಸಣ್ಣ ಬೋರ್ಡೊಂದನ್ನು ಸೋಲಾರ್ ಬ್ಯಾಟರಿಗೆ ಜೋಡಿಸಿದ್ದೇನೆ. ಸೆನ್ಸರನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ನಾನೇ ಬರೆದದ್ದು. ಆನ್, ಆಫ್ ಎಂಬ ಎರಡು ಆದೇಶಗಳನ್ನು ಅದರಲ್ಲಿ ಕೊಟ್ಟಿದ್ದೇನೆ. ಒಂದು ಪ್ರೋಗ್ರಾಂ ಓದುತ್ತಿರುವಾಗಲೇ ಇನ್ನೊಂದು ಆಫ್ ಮಾಡಿಬಿಡುತ್ತದೆ. ಸದಾ ಆನ್ ಇಟ್ಟರೆ, ಕಕ್ಕಡ ಮಾಸದ ಮಳೆಯಲ್ಲಿ ಬಿಸಿಲೇ ಕಾಣದೆ ಬ್ಯಾಟರಿ ಬರಿದಾಗುತ್ತದೆ. ಪರಿಹಾರವೇನು?

ಉತ್ತರ: ಆ ಎರಡು ಆದೇಶಗಳನ್ನು ಹೊರಗಿನವರ ಕೈಗೆ ಕೊಟ್ಟದ್ದೇ ತೊಡಕಿನ ಮೂಲ. ಪ್ರೋಗ್ರಾಂ ಕೇಳಬೇಕಾದದ್ದು ಅಳತೆಯನ್ನು ಮಾತ್ರ. ಸೆನ್ಸರ್ ಎಚ್ಚರವಿರಬೇಕೇ ಮಲಗಬೇಕೇ ಎಂಬುದು ಡ್ರೈವರ್ ಮತ್ತು ಲಿನಕ್ಸಿನ ತಿರುಳಾದ ಕರ್ನಲ್ ನಡುವಿನ ವ್ಯವಹಾರ. ಇದಕ್ಕೆಂದೇ 2009ರಲ್ಲಿ ಬಂದ ಲಿನಕ್ಸ್ 2.6.32ರಿಂದ ರನ್‌ಟೈಮ್ ಪಿಎಂ (ಪವರ್ ಮ್ಯಾನೇಜ್‌ಮೆಂಟ್) ಎಂಬ ಚೌಕಟ್ಟು ಇದೆ. ಓದುವ ಮೊದಲು ಡ್ರೈವರ್ ‘ಗೆಟ್’ ಎಂದರೆ ಬಳಕೆಯ ಎಣಿಕೆ (ಸೆನ್ಸರ್ ಬೇಕೆಂದು ಹಿಡಿದಿರುವವರ ಲೆಕ್ಕ) ಒಂದು ಏರುತ್ತದೆ, ಮಲಗಿದ್ದ ಸೆನ್ಸರ್ ಏಳುತ್ತದೆ. ಓದಿದ ಮೇಲೆ ‘ಪುಟ್’ ಎಂದರೆ ಎಣಿಕೆ ಇಳಿಯುತ್ತದೆ. ಎಣಿಕೆ ಸೊನ್ನೆಗೆ ಬರುವವರೆಗೆ ಯಾರೂ ಅದನ್ನು ಮಲಗಿಸಲಾರರು. ವಿದ್ಯುತ್ ಕಡಿದಾಗ ಸೆನ್ಸರ್ ತನ್ನ ರಿಜಿಸ್ಟರುಗಳಲ್ಲಿನ ಸೆಟ್ಟಿಂಗುಗಳನ್ನು ಮರೆಯುವುದಾದರೆ, ಅವನ್ನು ಮತ್ತೆ ಬರೆಯುವುದು ಸೆನ್ಸರನ್ನು ಎಬ್ಬಿಸುವಾಗ ಓಡುವ ನಿಮ್ಮ ‘ರೆಸ್ಯೂಮ್’ ಫಂಕ್ಷನ್ನಿನ ಹೊಣೆ.

ಹಾಗೆಂದು ಎಣಿಕೆ ಸೊನ್ನೆಯಾದ ಕೂಡಲೇ ಮಲಗಿಸುವುದೂ ಬೇಡ. ಪ್ರತಿ ಚೀಲಕ್ಕೂ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ನಿಲ್ಲಿಸಿ ಮತ್ತೆ ಚಾಲೂ ಮಾಡುವವರಿಲ್ಲ. ಆಟೋಸಸ್ಪೆಂಡ್ ಬಳಸಿ ಕೆಲವು ಸೆಕೆಂಡು ಕಾಯುವಂತೆ ಮಾಡಿ; ಆ ಅವಧಿಯನ್ನು ಸಿಸ್‌ಎಫ್‌ಎಸ್‌ನಲ್ಲಿ (ಕರ್ನಲ್ ತನ್ನ ಸೆಟ್ಟಿಂಗುಗಳನ್ನು ಕಡತಗಳಂತೆ ತೋರಿಸುವ ಜಾಗ) ಸೆನ್ಸರಿಗಿರುವ ‘ಪವರ್’ ಫೋಲ್ಡರಿನಲ್ಲಿ ಮಿಲಿಸೆಕೆಂಡುಗಳಲ್ಲಿ ಬದಲಿಸಬಹುದಾದ್ದರಿಂದ ಮಳೆಗಾಲಕ್ಕೊಂದು, ಬೇಸಗೆಗೊಂದು ಡ್ರೈವರ್ ಬರೆಯಬೇಕಿಲ್ಲ. ಅಲ್ಲಿಯೇ ಇರುವ ‘ಕಂಟ್ರೋಲ್’ ಕಡತಕ್ಕೆ ‘ಆನ್’ ಎಂದು ಬರೆದರೆ ಸೆನ್ಸರ್ ಮಲಗುವುದೇ ಇಲ್ಲ. ದೋಷ ಹುಡುಕುವಾಗ ಇದು ಬಹಳ ಉಪಯುಕ್ತ.

ಅನುಭವಿಗಳೂ ಎಡವುವ ಒಂದು ಜಾಗವಿದೆ. ‘ಗೆಟ್ ಸಿಂಕ್’ ಎಂಬ ಹಳೆಯ ಫಂಕ್ಷನ್, ಸೆನ್ಸರನ್ನು ಎಬ್ಬಿಸಲಾಗದೆ ದೋಷಸಂಖ್ಯೆ ಮರಳಿಸಿದಾಗಲೂ ಎಣಿಕೆಯನ್ನು ಏರಿಸಿಯೇ ಇಟ್ಟಿರುತ್ತದೆ. ದೋಷ ಕಂಡು ಸುಮ್ಮನೆ ಹಿಂದಿರುಗಿದರೆ ಆ ಎಣಿಕೆ ಮತ್ತೆಂದೂ ಸೊನ್ನೆಗೆ ಇಳಿಯದು, ಬ್ಯಾಟರಿ ಸೋರುತ್ತಲೇ ಇರುತ್ತದೆ. 5.10ನೇ ಆವೃತ್ತಿಯಿಂದ ಲಭ್ಯವಿರುವ ‘ರೆಸ್ಯೂಮ್ ಅಂಡ್ ಗೆಟ್’ ಸೋತಾಗ ಎಣಿಕೆಯನ್ನು ತಾನೇ ಇಳಿಸುತ್ತದೆ, ಅದನ್ನೇ ಬಳಸಿ.

ಇಷ್ಟೆಲ್ಲ ಮಾಡಿದರೂ ಉಳಿತಾಯವಾಗುವುದು ಸೆನ್ಸರಿನ ಪಾಲಿನ ವಿದ್ಯುತ್ ಮಾತ್ರ. ಸಾಮಾನ್ಯವಾಗಿ ಅದಕ್ಕಿಂತ ಬೋರ್ಡೇ ಹೆಚ್ಚು ವಿದ್ಯುತ್ ತಿನ್ನುತ್ತದೆ. ನಿಮ್ಮ ಬೋರ್ಡಿನಲ್ಲಿ ಗಡಿಯಾರದ ಅಲಾರಂನಿಂದ ಏಳುವ ಸೌಲಭ್ಯವಿದ್ದರೆ, ಎರಡು ಅಳತೆಗಳ ನಡುವೆ ಇಡೀ ವ್ಯವಸ್ಥೆಯನ್ನೇ ಮಲಗಿಸಲು ಪ್ರಯತ್ನಿಸಿ.