ಬೇಯಿಸದ ವೀಗನ್ ಆಹಾರದಲ್ಲಿ ಪ್ರೋಟೀನಿಗಾಗಿ ಯಾವುದನ್ನು ನೆಚ್ಚಬೇಕು?

ಕೆಲವು ತಿಂಗಳಿಂದ ವೀಗನ್ ಆಹಾರವನ್ನು, ಅಂದರೆ ಹಾಲು ಮೊಸರನ್ನೂ ಬಿಟ್ಟ ಸಸ್ಯಾಹಾರವನ್ನು, ಬೇಯಿಸದೆ ಸೇವಿಸುತ್ತಿರುವುದಾಗಿಯೂ, ತೂಕ 60 ಕಿಲೋ ಇದ್ದು ವಾರದಲ್ಲಿ ಹಲವು ದಿನ ವ್ಯಾಯಾಮ ಮಾಡುವುದಾಗಿಯೂ, ಈಚೆಗೆ ಸುಸ್ತು ಹಾಗೂ ಕೂದಲು ಉದುರುವುದು ಕಾಣಿಸಿಕೊಂಡಿರುವುದಾಗಿಯೂ ಬರೆದಿದ್ದೀರಿ. ಸ್ಪಿರುಲಿನಾ (ನೀಲಿ-ಹಸಿರು ಪಾಚಿಯ ಪುಡಿ) ಮತ್ತು ಗೋಧಿಹುಲ್ಲಿನ ರಸ ಸಾಕೆಂದು ಒಬ್ಬರು, ಬಾದಾಮಿಯೇ ಸಾಕೆಂದು ಮತ್ತೊಬ್ಬರು, ಪ್ರೋಟೀನ್ ಪುಡಿ ಇಲ್ಲದೆ ಆಗದೆಂದು ಇನ್ನೊಬ್ಬರು ಹೇಳಿದ್ದರಿಂದ ಯಾವುದನ್ನು ಆರಿಸಬೇಕೆಂಬುದು ನಿಮ್ಮ ಪ್ರಶ್ನೆ. ನಾನು ಆಹಾರ ವಿಜ್ಞಾನವನ್ನು ಓದಿದವಳು. ನನ್ನ ಊಟದ ಬಹುಪಾಲು ಕೂಡ ಹಸಿಯಾದದ್ದೇ. ಈ ಪದ್ಧತಿಯನ್ನು ದೂರ ನಿಂತು ಹೀಗಳೆಯುವ ಉದ್ದೇಶ ನನಗಿಲ್ಲ, ಆದರೆ ಅದರ ಸಮರ್ಥಕರು ಹೇಳುವಷ್ಟು ಸಲೀಸಾಗಿ ಲೆಕ್ಕ ಕೂಡಿಬರುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಅಗತ್ಯವೆಷ್ಟು ಎಂಬುದರಿಂದ ಆರಂಭಿಸೋಣ. ಆರೋಗ್ಯವಂತ ವಯಸ್ಕರಿಗೆ ದಿನವೊಂದಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಸುರಕ್ಷಿತ ಪ್ರಮಾಣವೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅದರ ಸಹಸಂಸ್ಥೆಗಳ 2007ರ ವರದಿ ಹೇಳುತ್ತದೆ. ನಿಮ್ಮ ತೂಕಕ್ಕೆ ಇದು 50 ಗ್ರಾಂ ಆಗುತ್ತದೆ. ಆದರೆ ಆ ಅಂಕಿ ಸುಲಭವಾಗಿ ಜೀರ್ಣವಾಗುವ ಉತ್ತಮ ಗುಣಮಟ್ಟದ ಪ್ರೋಟೀನಿಗೆ ಅನ್ವಯಿಸುವಂಥದ್ದು. ಬೇಯಿಸದ ಕಾಳು ಮತ್ತು ಬೀಜಗಳ ಪ್ರೋಟೀನ್ ಅಷ್ಟು ಪೂರ್ಣವಾಗಿ ದಕ್ಕುವುದಿಲ್ಲವಾದ್ದರಿಂದ, ಕಿಲೋಗೆ 1 ಗ್ರಾಂ ಎಂದು, ಅಂದರೆ 60 ಗ್ರಾಂ ಎಂದು ಇಟ್ಟುಕೊಳ್ಳುವುದು ವಿವೇಕ. ಭಾರ ಎತ್ತುವಂಥ ಕಠಿಣ ವ್ಯಾಯಾಮವಾಗಿದ್ದರೆ 70 ಗ್ರಾಂ ದಾಟಿದರೂ ತಪ್ಪೇನಿಲ್ಲ.

ಈ 60 ಗ್ರಾಂ ಅನ್ನು ಯಾವುದರಿಂದ ಪಡೆಯಬೇಕೆಂಬ ಪ್ರಶ್ನೆ ಬಂದಾಗ ಬಹುತೇಕರು 100 ಗ್ರಾಂ ಪದಾರ್ಥದಲ್ಲಿ ಎಷ್ಟು ಪ್ರೋಟೀನ್ ಇದೆ ಎಂಬ ಪಟ್ಟಿಯನ್ನು ಮುಂದಿಟ್ಟುಕೊಳ್ಳುತ್ತಾರೆ. ಆ ಪಟ್ಟಿಯೊಂದನ್ನೇ ನಂಬುವುದು ಸರಿಯಲ್ಲವೆಂದು ನನ್ನ ಅಭಿಪ್ರಾಯ. ಒಂದು ದಿನದಲ್ಲಿ ನಿಜವಾಗಿ ತಿನ್ನಬಹುದಾದ ಪ್ರಮಾಣದಲ್ಲಿ, ಅದರೊಂದಿಗೆ ಬರುವ ಕ್ಯಾಲೊರಿಗಳ ಮಿತಿಯಲ್ಲಿ ಎಷ್ಟು ಪ್ರೋಟೀನ್ ಸಿಗುತ್ತದೆ, ಮತ್ತು ಆ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ (ಪ್ರೋಟೀನನ್ನು ಕಟ್ಟುವ ಘಟಕಗಳಲ್ಲೊಂದು) ಎಷ್ಟಿದೆ, ಇವೆರಡನ್ನು ನೋಡಬೇಕು. ಲೈಸಿನ್ ಅನ್ನು ನಮ್ಮ ದೇಹ ತಾನೇ ತಯಾರಿಸಿಕೊಳ್ಳಲಾರದು. ಸಸ್ಯಾಹಾರದಲ್ಲಿ ಅದು ಹೇರಳವಾಗಿ ದೊರೆಯುವುದು ದ್ವಿದಳ ಧಾನ್ಯಗಳಲ್ಲಿ. ಬೇಯಿಸುವುದನ್ನು ಬಿಟ್ಟವರ ತಟ್ಟೆಯಿಂದ ಮೊದಲು ಮಾಯವಾಗುವುದೂ ಅವೇ. ಅದೇ 2007ರ ವರದಿಯ ಪ್ರಕಾರ ಕಿಲೋ ತೂಕಕ್ಕೆ 30 ಮಿಲಿಗ್ರಾಂ, ಎಂದರೆ ನಿಮಗೆ ದಿನಕ್ಕೆ 1,800 ಮಿಲಿಗ್ರಾಂ ಲೈಸಿನ್ ಬೇಕು.

ಬಾದಾಮಿಯ ಸಲಹೆಯನ್ನು ಈ ಎರಡು ಅಳತೆಗಳಿಂದ ಪರೀಕ್ಷಿಸಿ ನೋಡಿ. 100 ಗ್ರಾಂ ಬಾದಾಮಿಯಲ್ಲಿ ಸುಮಾರು 21 ಗ್ರಾಂ ಪ್ರೋಟೀನ್ ಇರುವುದು ನಿಜ. ಅದೊಂದರಿಂದಲೇ 60 ಗ್ರಾಂ ಪಡೆಯಲು ಹೊರಟರೆ ಸುಮಾರು 285 ಗ್ರಾಂ ಬಾದಾಮಿ ತಿನ್ನಬೇಕಾಗುತ್ತದೆ. ಅದರೊಂದಿಗೆ 1,650 ಕ್ಯಾಲೊರಿಯೂ ಹೊಟ್ಟೆ ಸೇರುತ್ತದೆ. ಅಷ್ಟಾಗಿಯೂ ಲೈಸಿನ್ 1,600 ಮಿಲಿಗ್ರಾಂನ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಕ್ರೋಟು ಮತ್ತು ಎಳ್ಳಿನ ಸ್ಥಿತಿಯೂ ಹೆಚ್ಚು ಕಡಿಮೆ ಇದೇ. ಇವು ಉತ್ತಮ ಕೊಬ್ಬಿನ ಮೂಲಗಳು. ಪ್ರೋಟೀನಿಗೆ ಆಸರೆ ಕೊಡಬಲ್ಲವೇ ಹೊರತು ಅದರ ಪೂರ್ತಿ ಭಾರವನ್ನು ಹೊರಲಾರವು.

ಅದಕ್ಕೆ ಹೋಲಿಸಿದರೆ ಕುಂಬಳಕಾಯಿ ಬೀಜ ಬಹಳ ಮುಂದಿದೆ. ಸಿಪ್ಪೆ ತೆಗೆದ ಬೀಜದ 100 ಗ್ರಾಂನಲ್ಲಿ ಸುಮಾರು 30 ಗ್ರಾಂ ಪ್ರೋಟೀನ್, 1,200 ಮಿಲಿಗ್ರಾಂ ಲೈಸಿನ್, ಜೊತೆಗೆ ಸಾಕಷ್ಟು ಸತು ಮತ್ತು ಕಬ್ಬಿಣ ಇವೆ. ಸಿಪ್ಪೆ ತೆಗೆದ ಹೆಂಪ್ (ಭಂಗಿ ಜಾತಿಯ ಗಿಡ) ಬೀಜವೂ ಸರಿಸುಮಾರು ಇದೇ ಮಟ್ಟದ್ದು. ಮೇಲಾಗಿ ನೆನೆಸುವ, ಅರೆಯುವ ಗೋಜಿಲ್ಲದೆ ಹಾಗೆಯೇ ತಿನ್ನಬಹುದು. ಪಿಸ್ತಾದಲ್ಲಿ ಇತರ ಬೀಜಕಾಯಿಗಳಿಗಿಂತ ಲೈಸಿನ್ ಹೆಚ್ಚು. ಕಡಲೆಕಾಯಿ ಬೀಜ ವಾಸ್ತವವಾಗಿ ದ್ವಿದಳ ವರ್ಗಕ್ಕೆ ಸೇರಿದ್ದು; ಅದರಲ್ಲಿ 26 ಗ್ರಾಂನಷ್ಟು ಪ್ರೋಟೀನ್ ಇದ್ದು ಹಸಿಯಾಗಿಯೂ ತಿನ್ನಬಹುದು, ಆದರೆ ಬೂಷ್ಟು ಹಿಡಿದ ಕಾಳಿನಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಇರಬಹುದಾದ್ದರಿಂದ ಬಣ್ಣಗೆಟ್ಟ, ಸುಕ್ಕುಗಟ್ಟಿದ, ಕಹಿಯಾದ ಕಾಳುಗಳನ್ನು ಎಸೆಯಲೇಬೇಕು. ಚಿಯಾ ಮತ್ತು ಅಗಸೆ ಬೀಜಗಳನ್ನು ಒಮೆಗಾ-3 ಕೊಬ್ಬಿಗಾಗಿ ಸೇವಿಸಿ. ದಿನಕ್ಕೆ ಒಂದೆರಡು ಚಮಚೆಯಲ್ಲಿ ಬರುವ ಪ್ರೋಟೀನನ್ನು ದೊಡ್ಡದಾಗಿ ಲೆಕ್ಕಕ್ಕೆ ಹಿಡಿಯಬೇಡಿ. ಇನ್ನು ಗೋಡಂಬಿಯ ಚಿಪ್ಪಿನಲ್ಲಿ ಚರ್ಮ ಸುಡುವಂಥ ಎಣ್ಣೆ ಇರುವುದರಿಂದ ಅದನ್ನು ಸಾಮಾನ್ಯವಾಗಿ ಹಬೆಯಲ್ಲೋ ಬಿಸಿ ಎಣ್ಣೆಯಲ್ಲೋ ಹಾಯಿಸಿಯೇ ಒಡೆಯುತ್ತಾರೆ; ‘ಹಸಿ ಗೋಡಂಬಿ’ ಎಂದು ಕೊಳ್ಳುವುದು ಬಹುಮಟ್ಟಿಗೆ ಶಾಖ ಕಂಡದ್ದೇ ಆಗಿರುತ್ತದೆ. ನಿಯಮಪಾಲನೆಯಲ್ಲಿ ಬಹಳ ಕಟ್ಟುನಿಟ್ಟಾಗಿರುವವರಿಗೆ ಇದನ್ನು ಹೇಳಿದಾಗ ಅವರ ಮುಖ ಬಾಡುವುದನ್ನು ಕಂಡಿದ್ದೇನೆ.

ಲೈಸಿನ್ ಕೊರತೆಯನ್ನು ತುಂಬುವ ಮುಖ್ಯ ಕೆಲಸವನ್ನು ಹಸಿ ಆಹಾರದಲ್ಲಿ ಮೊಳಕೆಕಾಳುಗಳು ಮಾಡಬೇಕು. ಇಲ್ಲಿ ಆಯ್ಕೆಗೆ ಬಹಳ ಮಹತ್ವವಿದೆ. ಮೊಳೆತ ಮಸೂರ ಮತ್ತು ಬಟಾಣಿಯಲ್ಲಿ 100 ಗ್ರಾಂಗೆ ಸುಮಾರು 9 ಗ್ರಾಂ ಪ್ರೋಟೀನ್ ಇದ್ದು, ಮಸೂರದ ಮೊಳಕೆಯಲ್ಲಿ 700 ಮಿಲಿಗ್ರಾಂನಷ್ಟು ಲೈಸಿನ್ ಸಿಗುತ್ತದೆ. ಪುಸ್ತಕಗಳ ಕೋಷ್ಟಕಗಳಲ್ಲಿ ಹೆಸರುಕಾಳಿನ ಮೊಳಕೆಗೆ ಕೇವಲ 3 ಗ್ರಾಂ ಎಂದಿರುವುದನ್ನು ನೋಡಿ ಹಲವರು ಅಚ್ಚರಿಪಡುತ್ತಾರೆ. ಆ ಅಂಕಿ ಹಲವು ದಿನ ಬೆಳೆಸಿದ, ಉದ್ದನೆಯ ಬಿಳಿ ಕಾಂಡದ ಮೊಳಕೆಗೆ ಸಂಬಂಧಿಸಿದ್ದು. ಅದರ ತೂಕದಲ್ಲಿ ಶೇಕಡ 90ರಷ್ಟು ನೀರೇ. ಮೊಳಕೆಯ ತುದಿ ಆಗತಾನೇ ಇಣುಕಿದ ಕಾಳಿನಲ್ಲಿ ನೀರು ಕಡಿಮೆ ಇರುವುದರಿಂದ ಅದೇ ತೂಕಕ್ಕೆ ಪ್ರೋಟೀನ್ ಹೆಚ್ಚು ಸಿಗುತ್ತದೆ. ಮೊಳಕೆ ಬರಿಸಿದರೆ ಪ್ರೋಟೀನ್ ಹಲವು ಪಟ್ಟು ಹೆಚ್ಚುತ್ತದೆಂಬ ಮಾತು ಎಲ್ಲೆಡೆ ಹರಿದಾಡುತ್ತಿದ್ದರೂ ಅದು ನಿಜವಲ್ಲ. ಮೊಳಕೆಯೊಡೆಯುವಾಗ ಪ್ರೋಟೀನ್ ಜೀರ್ಣವಾಗುವುದನ್ನು ತಡೆಯುವ ಟ್ರಿಪ್ಸಿನ್ ನಿರೋಧಕಗಳು ಮತ್ತು ಖನಿಜಗಳನ್ನು ಹಿಡಿದಿಟ್ಟುಕೊಳ್ಳುವ ಫೈಟಿಕ್ ಆಮ್ಲ ಒಂದಿಷ್ಟು ತಗ್ಗುತ್ತವೆ. ಲಾಭ ಇರುವುದು ಅದರಲ್ಲಿ.

ಎಲ್ಲ ಕಾಳನ್ನೂ ಮೊಳಕೆ ಬರಿಸಿ ಹಸಿಯಾಗಿ ತಿನ್ನಬಹುದೆಂದು ದಯವಿಟ್ಟು ಭಾವಿಸಬೇಡಿ. ರಾಜ್ಮಾದಲ್ಲಿ ಫೈಟೋಹೀಮಗ್ಲುಟಿನಿನ್ ಎಂಬ ಲೆಕ್ಟಿನ್ (ವಿಷಕಾರಿ ಪ್ರೋಟೀನ್) ಇದ್ದು, ನಾಲ್ಕೈದು ಹಸಿ ಕಾಳುಗಳೇ ತೀವ್ರ ವಾಂತಿ ಮತ್ತು ಭೇದಿ ತರಿಸಬಲ್ಲವು. ನೆನೆಸುವುದರಿಂದಾಗಲಿ ಮೊಳಕೆ ಬರಿಸುವುದರಿಂದಾಗಲಿ ಅದು ನೆಚ್ಚುವ ಮಟ್ಟಿಗೆ ಹೋಗುವುದಿಲ್ಲ, ಕುದಿಸಿಯೇ ತೆಗೆಯಬೇಕು. ಲೀಮಾ ಬೀನ್ಸ್ ಜಾತಿಯ ಕಾಳುಗಳಲ್ಲಿ ಸಯನೈಡ್ ಬಿಡುಗಡೆ ಮಾಡುವ ಸಂಯುಕ್ತಗಳಿವೆ. ಸೋಯಾದಲ್ಲಿ ಟ್ರಿಪ್ಸಿನ್ ನಿರೋಧಕಗಳು ವಿಪರೀತ. ಹಸಿ ಆಹಾರದ ಪಟ್ಟಿಯಿಂದ ಈ ಮೂರನ್ನೂ ಪೂರ್ತಿಯಾಗಿ ಕೈಬಿಡಿ. ಮಸೂರ, ಹೆಸರು ಮತ್ತು ಬಟಾಣಿಯ ಆಚೆಗೆ ಪ್ರಯೋಗ ಮಾಡಲು ಹೋಗಬೇಡಿ.

ಸುರಕ್ಷಿತವೆನಿಸುವ ಕಾಳುಗಳಲ್ಲೂ ಸೂಕ್ಷ್ಮಾಣುಗಳ ಅಪಾಯ ಇದ್ದೇ ಇದೆ. ಮೊಳಕೆಗೆ ಬೇಕಾದ ತೇವ ಮತ್ತು ಬೆಚ್ಚನೆಯ ವಾತಾವರಣವೇ ಸಾಲ್ಮೊನೆಲ್ಲಾ, ಇ. ಕೋಲಿಯಂಥ ಬ್ಯಾಕ್ಟೀರಿಯಾಗಳಿಗೂ ಹಿತವಾಗಿರುತ್ತದೆ. 2011ರಲ್ಲಿ ಜರ್ಮನಿಯಲ್ಲಿ ಹಬ್ಬಿದ ಇ. ಕೋಲಿ ಸೋಂಕಿನ ಮೂಲ ಮೆಂತ್ಯದ ಮೊಳಕೆ ಎಂದು ತನಿಖೆ ತೀರ್ಮಾನಿಸಿತು. ಅದರಲ್ಲಿ 50ಕ್ಕೂ ಹೆಚ್ಚು ಜನ ಸತ್ತರು, ಸಾವಿರಾರು ಮಂದಿ ಕಾಯಿಲೆ ಬಿದ್ದರು. ಬ್ಯಾಕ್ಟೀರಿಯಾ ಬೀಜದ ಬಿರುಕುಗಳ ಒಳಗೇ ಅಡಗಿರಬಹುದಾದ್ದರಿಂದ ತೊಳೆದ ಮಾತ್ರಕ್ಕೆ ಅದು ಹೋಗುವುದಿಲ್ಲ. ದಿನಕ್ಕೆ ಎರಡು ಮೂರು ಬಾರಿ ನೀರು ಬದಲಿಸಿ ಬಸಿಯುವುದು, ಮೊಳಕೆ ಮೂಡಿದೊಡನೆ ಫ್ರಿಜ್ಜಿನಲ್ಲಿಡುವುದು, ಲೋಳೆಯಾದದ್ದನ್ನು ಅಥವಾ ಹುಳಿ ವಾಸನೆ ಬಂದದ್ದನ್ನು ಚೆಲ್ಲುವುದು ಅಪಾಯವನ್ನು ತಗ್ಗಿಸುತ್ತವೆಯಷ್ಟೇ. ಗರ್ಭಿಣಿಯರು, ಚಿಕ್ಕ ಮಕ್ಕಳು, ವೃದ್ಧರು ಹಾಗೂ ರೋಗನಿರೋಧಕ ಶಕ್ತಿ ಕುಂದಿದವರು ಹಸಿ ಮೊಳಕೆಯನ್ನು ತಿನ್ನಲೇಬಾರದು. ನನ್ನ ಮಟ್ಟಿಗೆ ನಾನು ಮೊಳಕೆಯನ್ನು ಕೆಲವು ನಿಮಿಷ ಕುದಿಯುವ ನೀರಿನಲ್ಲಿ ಬೇಯಿಸಿಯೇ ತಿನ್ನುತ್ತೇನೆ. ಅದು ಹಸಿ ಆಹಾರದ ವ್ಯಾಖ್ಯಾನದೊಳಗೆ ಬಾರದೆಂದು ಯಾರಾದರೂ ಆಕ್ಷೇಪಿಸಿದರೆ ನಾನು ವಾದಕ್ಕೆ ಇಳಿಯುವುದಿಲ್ಲ.

ಸ್ಪಿರುಲಿನಾದ ಮಾತಿಗೆ ಬರೋಣ. ಒಣ ಸ್ಪಿರುಲಿನಾದಲ್ಲಿ ಶೇಕಡ 57ರಷ್ಟು ಪ್ರೋಟೀನ್ ಇದೆ ಎಂಬುದು ಸತ್ಯವೇ. ಆದರೆ ಜನ ಸೇವಿಸುವ ಒಂದು ದೊಡ್ಡ ಚಮಚೆ ಪುಡಿ ಸುಮಾರು 7 ಗ್ರಾಂ ತೂಗುತ್ತದೆ. ಅದರಲ್ಲಿ ಸಿಗುವುದು 4 ಗ್ರಾಂ ಪ್ರೋಟೀನ್ ಮಾತ್ರ. ಅದರಲ್ಲಿ ಬಿ12 ಜೀವಸತ್ವ ಇದೆ ಎಂಬ ಪ್ರಚಾರ ಇನ್ನೂ ಹೆಚ್ಚು ದಾರಿ ತಪ್ಪಿಸುವಂಥದ್ದು, ಏಕೆಂದರೆ ಅದರಲ್ಲಿರುವುದು ಬಹುಮಟ್ಟಿಗೆ ಮನುಷ್ಯ ದೇಹ ಬಳಸಲಾಗದ ಬಿ12 ಹೋಲಿಕೆಯ ವಸ್ತು. ಗೋಧಿಹುಲ್ಲಿನ ರಸದ ಒಂದು ಸಣ್ಣ ಲೋಟದಲ್ಲಿ ಒಂದು ಗ್ರಾಂ ಪ್ರೋಟೀನೂ ಇರುವುದಿಲ್ಲ. ಅದರ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಬೇಕಾದ್ದಿಲ್ಲ.

ಪುಡಿಗಳ ವಿಷಯದಲ್ಲಿ ನನಗೆ ತಿರಸ್ಕಾರವೂ ಇಲ್ಲ, ಮೋಹವೂ ಇಲ್ಲ. ಎಣ್ಣೆ ಹಿಂಡಿದ ನಂತರ ಉಳಿದ ಹಿಂಡಿಯನ್ನು ಬೀಸಿ ಮಾಡುವ ಹೆಂಪ್ ಪುಡಿಯಲ್ಲಿ ಅರ್ಧದಷ್ಟು ಪ್ರೋಟೀನ್ ಇದ್ದು, ನಾರೂ ಉಳಿದಿರುತ್ತದೆ. ಬಟಾಣಿಯಿಂದ ಬೇರ್ಪಡಿಸಿದ ಪ್ರೋಟೀನಿನಲ್ಲಿ ಲೈಸಿನ್ ಚೆನ್ನಾಗಿದೆ. ಅಕ್ಕಿಯ ಪ್ರೋಟೀನಿನಲ್ಲಿ ಕಡಿಮೆ. ಹೊಟ್ಟೆ ಬೇಗ ತುಂಬಿಬಿಡುತ್ತದೆ, ಬೇಕಾದಷ್ಟು ತಿನ್ನಲಾಗುತ್ತಿಲ್ಲ ಎನ್ನುವವರು ವ್ಯಾಯಾಮದ ದಿನಗಳಲ್ಲಿ ಬಟಾಣಿಯ ಪುಡಿಯನ್ನು ಬಳಸಬಹುದು. ಆದರೆ ಡಬ್ಬಿಯ ಮೇಲೆ ‘ರಾ’ ಎಂದು ಅಚ್ಚಾಗಿದ್ದ ಮಾತ್ರಕ್ಕೆ ಒಳಗಿನದು ಎಷ್ಟು ಶಾಖ ಕಂಡಿದೆ ಎಂಬುದು ಕೊಳ್ಳುವವರಿಗೆ ತಿಳಿಯುವುದಿಲ್ಲ.

ಒಂದು ದಿನದ ಲೆಕ್ಕವನ್ನು ನಿಮ್ಮ ಮುಂದಿಡುತ್ತೇನೆ. ಕುಂಬಳಕಾಯಿ ಬೀಜ 40 ಗ್ರಾಂ, ಹೆಂಪ್ ಬೀಜ 30 ಗ್ರಾಂ, ಬಾದಾಮಿ 30 ಗ್ರಾಂ, ಮಸೂರದ ಮೊಳಕೆ 150 ಗ್ರಾಂ, ಒಣ ತೂಕದಲ್ಲಿ 60 ಗ್ರಾಂ ಬಕ್‌ವೀಟ್ (ಕುಟ್ಟು ಎಂಬ ಧಾನ್ಯ) ಅನ್ನು ನೆನೆಸಿ ಮೊಳಕೆ ಬರಿಸಿದ್ದು, ಹಸಿರು ಸೊಪ್ಪು 200 ಗ್ರಾಂ. ಇವಿಷ್ಟರಿಂದ ಸುಮಾರು 55 ಗ್ರಾಂ ಪ್ರೋಟೀನ್ ಮತ್ತು 2,500 ಮಿಲಿಗ್ರಾಂ ಮೀರಿದ ಲೈಸಿನ್ ದೊರೆಯುತ್ತವೆ, ಕ್ಯಾಲೊರಿ ಸಾವಿರದ ಒಳಗೇ ಇರುತ್ತದೆ. ಹಣ್ಣು ಮತ್ತು ತರಕಾರಿಗಳಿಂದ ಉಳಿದ ಐದಾರು ಗ್ರಾಂ ಬರುತ್ತದೆ. ಕಾಳು ಮತ್ತು ಬೀಜಗಳನ್ನು ಒಂದೇ ಹೊತ್ತಿನಲ್ಲಿ ಬೆರೆಸಿ ತಿನ್ನಲೇಬೇಕೆಂಬ ಹಳೆಯ ನಿಯಮವನ್ನು ಈಗ ಯಾರೂ ಒತ್ತಾಯಿಸುವುದಿಲ್ಲ. ದಿನದ ಅವಧಿಯಲ್ಲಿ ಎರಡೂ ಬಂದರೆ ಸಾಕು. ಸೊಪ್ಪು ಅಥವಾ ಮೊಳಕೆಯ ಮೇಲೆ ನಿಂಬೆರಸ ಹಿಂಡಿಕೊಂಡರೆ ಅದರ ಸಿ ಜೀವಸತ್ವದಿಂದ ಕಬ್ಬಿಣ ಹೆಚ್ಚು ಹೀರಿಕೆಯಾಗುತ್ತದೆ.

ನಿಮ್ಮ ಸುಸ್ತಿಗೆ ಪ್ರೋಟೀನ್ ಕೊರತೆಯೇ ಕಾರಣವೆಂದು ನೀವು ತೀರ್ಮಾನಿಸಿದಂತಿದೆ, ನನಗೆ ಹಾಗೆನಿಸುವುದಿಲ್ಲ. ಹಸಿ ಆಹಾರದಲ್ಲಿ ನೀರು ಮತ್ತು ನಾರು ಹೆಚ್ಚಿರುವುದರಿಂದ, ಹೊಟ್ಟೆ ತುಂಬಿದರೂ ಒಟ್ಟು ಕ್ಯಾಲೊರಿ ಕಡಿಮೆ ಬೀಳುವುದು ಸಾಮಾನ್ಯ. ಆಗ ದೇಹ ತಿಂದ ಪ್ರೋಟೀನನ್ನೇ ಉರುವಲಾಗಿ ಬಳಸಿಕೊಳ್ಳುತ್ತದೆ. ದೀರ್ಘಕಾಲದಿಂದ ಹಸಿ ಆಹಾರ ಸೇವಿಸುತ್ತಿದ್ದವರ ಬಗ್ಗೆ ಜರ್ಮನಿಯಲ್ಲಿ ನಡೆದು 1999ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, 45 ವರ್ಷದೊಳಗಿನ ಮಹಿಳೆಯರಲ್ಲಿ ಶೇಕಡ 30ರಷ್ಟು ಮಂದಿಗೆ ಮುಟ್ಟು ಭಾಗಶಃ ಅಥವಾ ಪೂರ್ತಿಯಾಗಿ ನಿಂತಿತ್ತು. ಊಟದಲ್ಲಿ ಹಸಿ ಆಹಾರದ ಪಾಲು ಹೆಚ್ಚಿದ್ದವರಲ್ಲಿ ಈ ತೊಂದರೆ ಹೆಚ್ಚಾಗಿತ್ತು, ಹಲವರ ತೂಕವೂ ಇಳಿದಿತ್ತು. ಆದ್ದರಿಂದ ನಿಮ್ಮ ತೂಕ ಇಳಿಯುತ್ತಿದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಿ. ಬಳಿಕ ವೈದ್ಯರನ್ನು ಕಂಡು ಹೀಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12, ಡಿ ಜೀವಸತ್ವ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಕೂದಲು ಉದುರುವುದಕ್ಕೆ ಕಬ್ಬಿಣದ ಕೊರತೆಯೂ, ಕೆಲವು ವಾರಗಳಲ್ಲಿ ತೂಕ ಥಟ್ಟನೆ ಇಳಿದದ್ದೂ ಕಾರಣವಾಗಿರಬಹುದು.

ಬಿ12 ಪರೀಕ್ಷೆಯ ಫಲಿತಾಂಶ ಏನೇ ಬರಲಿ, ಅದರ ಮಾತ್ರೆ ಮಾತ್ರ ಬೇಕೇ ಬೇಕು, ಏಕೆಂದರೆ ಹಸಿಯಾಗಲಿ ಬೆಂದದ್ದಾಗಲಿ ಸಸ್ಯಮೂಲದ ಯಾವ ಆಹಾರವೂ ಅದನ್ನು ನೆಚ್ಚುವಷ್ಟು ಕೊಡುವುದಿಲ್ಲ. ದಿನಕ್ಕೆ 10 ಮೈಕ್ರೋಗ್ರಾಂ ಅಥವಾ ವಾರಕ್ಕೊಮ್ಮೆ 2,000 ಮೈಕ್ರೋಗ್ರಾಂ ವೀಗನರಿಗೆ ಸಾಮಾನ್ಯವಾಗಿ ಸೂಚಿಸುವ ಪ್ರಮಾಣ. ಕೊರತೆ ಈಗಾಗಲೇ ಇದ್ದರೆ ವೈದ್ಯರು ಬೇರೆ ಪ್ರಮಾಣ ಹೇಳುತ್ತಾರೆ. ಮೇಲಿನ ಲೆಕ್ಕದಷ್ಟು ಬೀಜ ಮತ್ತು ಮೊಳಕೆಯನ್ನು ದಿನನಿತ್ಯ ತಿನ್ನಲು ನಿಮ್ಮ ಹೊಟ್ಟೆ ಒಪ್ಪದಿದ್ದರೆ, ದಿನಕ್ಕೊಂದು ಬಟ್ಟಲು ಬೇಯಿಸಿದ ಮಸೂರವನ್ನು ಸೇರಿಸಿಕೊಳ್ಳಿ ಎಂಬುದು ನನ್ನ ಸಲಹೆ. 200 ಗ್ರಾಂ ಬೆಂದ ಮಸೂರದಲ್ಲಿ 18 ಗ್ರಾಂ ಪ್ರೋಟೀನ್, 1,200 ಮಿಲಿಗ್ರಾಂ ಮೀರಿದ ಲೈಸಿನ್ ಇವೆ. ಊಟದ ಉಳಿದ ಭಾಗವೆಲ್ಲವೂ ಹಸಿಯಾಗಿಯೇ ಇರಬಹುದು.