ಥರ್ಮಲ್, ಥರ್ಮಾಮೀಟರ್, ಥರ್ಮೋಸ್ಟಾಟ್: ಎಲ್ಲದರ ಬೇರು ಒಂದೇ

ಪ್ರಶ್ನೆ: ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಈಗ ರಾಯಚೂರಿನಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಿದ್ದೇನೆ. ಮೊನ್ನೆ ಕ್ಲಾಸಿನಲ್ಲಿ ‘ಥರ್ಮೋ-ಮೀಟರ್’ ಅಂತ ಓದಿದ್ದಕ್ಕೆ ಎಲ್ಲರೂ ನಕ್ಕರು. ಥರ್ಮೋಸ್ಟಾಟ್‌ನಲ್ಲಿರುವ ‘ಮೋ’ ಇಲ್ಲಿ ಯಾಕೆ ಬದಲಾಗುತ್ತದೆ? ‘ಥರ್ಮೋ’ ಅಂದರೇನು ಸರ್? ನಾವು ಅನ್ನುವ ‘ಥ’ ಕೂಡ ತಪ್ಪಂತೆ, ಹೌದಾ?

ಉತ್ತರ: ನಕ್ಕವರು ನಗಲಿ ಬಿಡಿ. ಎರಡು ಪದಗಳಲ್ಲಿ ಒಂದೇ ತುಂಡು ಇದೆ ಅಂತ ನಿಮಗೆ ಹೊಳೆದಿದೆಯಲ್ಲ, ಅದು ದೊಡ್ಡದು.

ಗ್ರೀಕ್ ಭಾಷೆಯಲ್ಲಿ ‘ಥೆರ್ಮೋಸ್’ ಅಂದರೆ ಬಿಸಿ. ಸಂಸ್ಕೃತದ ‘ಘರ್ಮ’ ಇದರ ದಾಯಾದಿ. ಪರ್ಷಿಯನ್‌ನ ‘ಗರ್ಮ್’ ಕೂಡ ಅದೇ ಮನೆತನದ್ದು. ನಮ್ಮ ಕಡೆ ದಿನಾ ಬಾಯಲ್ಲಿರುವ ‘ಗರಂ’ ಬಂದದ್ದು ಅಲ್ಲಿಂದಲೇ. ಅಂದರೆ ಗರಂ ಮಸಾಲೆಯ ಗರಂಗೂ ನಿಮ್ಮ ರಾಯಚೂರು ಬಳಿಯ ಶಕ್ತಿನಗರ ವಿದ್ಯುತ್ ಕೇಂದ್ರದ ಥರ್ಮಲ್‌ಗೂ ಹಳೇ ನೆಂಟಸ್ತನ! ಶಕ್ತಿನಗರದಲ್ಲಿ 1985ರಿಂದ ನಡೆದಿರುವ ಕೆಲಸವೂ ಅದೇ ಅಲ್ವಾ? ಕಲ್ಲಿದ್ದಲು ಸುಟ್ಟು, ನೀರು ಕಾಯಿಸಿ, ಆ ಹಬೆಯಿಂದ ಟರ್ಬೈನ್ ತಿರುಗಿಸಿ ಕರೆಂಟು ತೆಗೆಯುವುದು. ಅದರ ಕನ್ನಡ ಹೆಸರು ‘ಶಾಖೋತ್ಪನ್ನ’ ಅನ್ನುವಲ್ಲಿನ ಶಾಖವೇ ಈ ‘ಥರ್ಮ್’.

ಥರ್ಮೋಸ್ಟಾಟ್ ನೋಡಬೇಕಾ? ಇಸ್ತ್ರಿ ಪೆಟ್ಟಿಗೆ ಹಚ್ಚಿ ಸುಮ್ನೆ ಕಾಯಿರಿ. ಸಾಕಷ್ಟು ಕಾದ ಮೇಲೆ ‘ಟಿಕ್’ ಅಂತ ಸದ್ದಾಗಿ ಲೈಟು ಆರುತ್ತದೆ, ಪೆಟ್ಟಿಗೆ ತಣ್ಣಗಾದರೆ ಮತ್ತೆ ಹತ್ತುತ್ತದೆ. ‘ಸ್ಟಾಟ್’ ಅಂದರೆ ನಿಲ್ಲಿಸುವುದು. ನಮ್ಮ ‘ಸ್ಥಿರ’ದ ಬೇರೂ ಅದೇ. ಕಾವನ್ನು ಒಂದು ಮಟ್ಟದಲ್ಲಿ ನಿಲ್ಲಿಸುವ ಸಾಧನ, ಅಷ್ಟೇ.

ಬೇರು ಪದದ ನಡುವೆ ಬಂದರೂ ಅರ್ಥ ಬದಲಾಗುವುದಿಲ್ಲ. ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕಿದರೆ ಕೊತಕೊತ ಕುದಿಯುತ್ತದೆ. ಕಾವು ಹೊರಗೆ ಬಂತು, ಅದು ಎಕ್ಸೋಥರ್ಮಿಕ್. ಹೊಲಕ್ಕೆ ಸಿಂಪಡಿಸಲು ಬಕೆಟ್ ನೀರಿಗೆ ಯೂರಿಯಾ ಕರಗಿಸಿ, ಹೊರಗಿನಿಂದ ಬಕೆಟ್ ಮುಟ್ಟಿ ನೋಡಿ. ತಣ್ಣಗಾಗಿರುತ್ತದೆ. ಕರಗುವಾಗ ಯೂರಿಯಾ ನೀರಿನ ಕಾವನ್ನು ಒಳಗೆಳೆದುಕೊಂಡಿತು, ಅದು ಎಂಡೋಥರ್ಮಿಕ್. ‘ಎಕ್ಸೋ’ ಹೊರಗೆ, ‘ಎಂಡೋ’ ಒಳಗೆ. ಪರೀಕ್ಷೆಯಲ್ಲಿ ಇವೆರಡು ಅದಲುಬದಲಾಗುವುದೇ ಜಾಸ್ತಿ, ಹಾಗಾಗಿ ಸುಣ್ಣ ಮತ್ತು ಯೂರಿಯಾ ನೆನಪಿಟ್ಟುಕೊಳ್ಳಿ.

ಇನ್ನು ‘ಮೋ’. ಕನ್ನಡದಲ್ಲಿ ಬರೆದಂತೆ ಓದುತ್ತೇವೆ. ಇಂಗ್ಲಿಷಿನಲ್ಲಿ ಪದದ ಯಾವುದೋ ಒಂದು ತುಂಡಿನ ಮೇಲೆ ಒತ್ತು ಬೀಳುತ್ತದೆ, ಮಿಕ್ಕವು ಸಣ್ಣಗಾಗುತ್ತವೆ. ಥರ್ಮೋಸ್ಟಾಟ್‌ನಲ್ಲಿ ಒತ್ತು ಮೊದಲ ‘ಥರ್’ ಮೇಲೆ. ಅಳೆಯುವ ಸಾಧನದ ಹೆಸರಿನಲ್ಲಿ ‘ಮೀಟರ್’ ಹಿಂದೆ ‘ಓ’ ಬಂದರೆ ಒತ್ತು ಆ ‘ಓ’ ಮೇಲೆ ಬೀಳುತ್ತದೆ. ಆಗ ಅದು ‘ಆ’ ಕಡೆಗೆ ತೆರೆದುಕೊಂಡು, ‘ಮೀ’ ಕುಗ್ಗಿ ‘ಮಿ’ ಆಗುತ್ತದೆ: ಥರ್-ಮಾ-ಮಿಟರ್. ಸ್ಪೀಡಾಮಿಟರ್, ಬರಾಮಿಟರ್ ಕೂಡ ಹೀಗೆಯೇ. ಥರ್ಮೋಡೈನಾಮಿಕ್ಸ್‌ನಲ್ಲಿ ಒತ್ತು ‘ನಾ’ ಮೇಲೆ.

ಕೊನೆಗೆ ನಿಮ್ಮ ‘ಥ’. ಬಾಯಿ ಮುಂದೆ ಅಂಗೈ ಹಿಡಿದು ‘ಥರ್ಮಲ್’ ಅನ್ನಿ. ಅಂಗೈಗೆ ಉಸಿರು ತಾಗಬೇಕು. ತಾಗದಿದ್ದರೆ ನೀವು ಅಂದದ್ದು ‘ತರ್ಮಲ್’, ಅದನ್ನು ಮಾತ್ರ ತಿದ್ದಿಕೊಳ್ಳಿ. ಇಂಗ್ಲಿಷಿನವರು ನಾಲಿಗೆ ತುದಿಯನ್ನು ಹಲ್ಲುಗಳ ನಡುವೆ ಇಟ್ಟು ಗಾಳಿ ಬಿಡುತ್ತಾರೆ. ಆ ಸದ್ದು ಕನ್ನಡದಲ್ಲಿಲ್ಲ, ಬೇಕಾದರೆ ಕಲಿಯಿರಿ. ಆದರೆ ಪ್ರಾಚೀನ ಗ್ರೀಕರು ಈ ಅಕ್ಷರವನ್ನು ಉಸಿರು ಕೂಡಿದ ‘ತ’ ಆಗಿಯೇ, ಅಂದರೆ ಹೆಚ್ಚುಕಡಿಮೆ ನಮ್ಮ ‘ಥ’ದಂತೆಯೇ ನುಡಿಯುತ್ತಿದ್ದರು. ಹಲ್ಲಿನ ಗಾಳಿ ಗ್ರೀಕ್‌ಗೆ ಬಂದದ್ದು ಆಮೇಲೆ.