ಮಗಳ ಓದಿಗೆ ಸಾಲ ಬೇಡ ಎನ್ನುವ ಮೆಕ್ಸಿಕನ್ ತಂದೆಯನ್ನು ಒಪ್ಪಿಸುವುದು ಹೇಗೆ?

ಒಪ್ಪಿಸಲು ಹೋಗಬೇಡಿ. ನಿಮ್ಮ ಮನೆಗೆಲಸಕ್ಕೆ ಬರುವ ತಾಯಿಯ ಮಗಳು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿದ್ದಾಳೆ, ತಂದೆ ಸಾಲಕ್ಕೆ ಹೆದರುತ್ತಾರೆ, ಎರಡು ವರ್ಷದ ಅಗ್ಗದ ಕಮ್ಯುನಿಟಿ ಕಾಲೇಜೇ ಮೇಲಲ್ಲವೇ ಎಂದು ಕೇಳಿದ್ದೀರಿ. 2015ರ ಫೆಬ್ರುವರಿಯಲ್ಲಿ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಹತ್ತಿರದ ಒಂದು ಅಡುಗೆಮನೆಯಲ್ಲಿ ಕುಳಿತು ನಾನು ಇದೇ ಮಾತನ್ನು ಆಡಿದ್ದೆ. ಅದಕ್ಕೆ ದಂಡ ತೆತ್ತವಳು ಆ ಮನೆಯ ಹುಡುಗಿ.

ವಾರಕ್ಕೆ ಎರಡು ಸಂಜೆ ಅಲ್ಲಿನ ಗ್ರಂಥಾಲಯದಲ್ಲಿ ಅವಳಿಗೆ ಗಣಿತ ಹೇಳಿಕೊಡುತ್ತಿದ್ದೆ. ತಂದೆತಾಯಿ ಇಬ್ಬರೂ ದ್ರಾಕ್ಷಿ ತೋಟದ ಕೂಲಿಗಳು. ನಾನು ವಿಜಯಪುರ ಜಿಲ್ಲೆಯವನು. ನಮ್ಮಲ್ಲಿ ಒಣದ್ರಾಕ್ಷಿಗೆ ಶೆಡ್ ಕಟ್ಟಿ, ಬಲೆಯ ಮೇಲೆ ಹರವಿ, ನೆರಳಿನಲ್ಲಿ ಒಣಗಿಸುತ್ತಾರೆ. ಅಲ್ಲಿ ಬಳ್ಳಿಗಳ ಸಾಲುಗಳ ನಡುವೆ ಮಣ್ಣಿನ ಮೇಲೆ ಕಾಗದ ಹಾಸಿ ಬಿಸಿಲಿಗೆ ಬಿಡುತ್ತಿದ್ದರು. ಆ ತಂದೆಗೂ ನನಗೂ ಇದೇ ಮಾತು. ನಡುವೆ ಕುಳಿತ ಹುಡುಗಿ ಇಂಗ್ಲಿಷಿನಿಂದ ಸ್ಪ್ಯಾನಿಷಿಗೆ, ಸ್ಪ್ಯಾನಿಷಿನಿಂದ ಇಂಗ್ಲಿಷಿಗೆ ದಾಟಿಸುತ್ತಿದ್ದಳು. ನನ್ನ ಅಪ್ಪ ಕೊಳವೆಬಾವಿಗೆಂದು ಸಾಲ ಮಾಡಿದ್ದರು, ನೀರು ಬೀಳಲಿಲ್ಲ. ಬ್ಯಾಂಕಿನ ನೋಟಿಸು ಬಂದ ದಿನ ನಮ್ಮ ಮನೆಯಲ್ಲಿ ಒಲೆ ಹಚ್ಚಿರಲಿಲ್ಲ. ಹಾಗಾಗಿ ಸಾಲ ಬೇಡವೆಂದು ಆ ತಂದೆ ಕೈಯಾಡಿಸಿದಾಗ ನನಗೆ ಅಪ್ಪನೇ ಎದುರು ಕುಳಿತಂತಾಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದು ಬೆಳೆದವನು ನಾನು. ವಿಶ್ವವಿದ್ಯಾಲಯದ ಜಾಲತಾಣ ವರ್ಷಕ್ಕೆ 30,000 ಡಾಲರಿಗೂ ಹೆಚ್ಚು ಖರ್ಚು ಎನ್ನುತ್ತಿತ್ತು. ಅವರ ವರ್ಷದ ದುಡಿಮೆಯೇ 26,000. ಇನ್ನು ಯೋಚಿಸುವುದೇನಿದೆ ಎಂದುಕೊಂಡೆ.

ತಪ್ಪು ಎಲ್ಲಿ ಆಯಿತು ಎಂಬುದನ್ನು ಬಿಡಿಸಿ ಹೇಳುತ್ತೇನೆ. ಅಮೆರಿಕದಲ್ಲಿ ಕಾಲೇಜಿನ ಸರ್ಕಾರಿ ನೆರವಿಗೆ ಮುಖ್ಯ ಬಾಗಿಲು ಫಾಫ್ಸಾ ಎಂಬ ಅರ್ಜಿ. ನಾನು ಅದನ್ನು ಸಾಲದ ಅರ್ಜಿ ಎಂದೇ ತಿಳಿದಿದ್ದೆ. ಹುಡುಗಿ ಅಲ್ಲೇ ಹುಟ್ಟಿದ ಪ್ರಜೆ, ತಂದೆತಾಯಿಗೆ ಅಲ್ಲಿ ನೆಲೆಸಲು ಬೇಕಾದ ಕಾಗದಪತ್ರವಿಲ್ಲ. ಅರ್ಜಿಯಲ್ಲಿ ಪೋಷಕರ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ಅಂದರೆ ಸರ್ಕಾರ ಕೊಡುವ ಒಂಬತ್ತು ಅಂಕಿಯ ಗುರುತಿನ ಸಂಖ್ಯೆ, ಕೇಳುವ ಖಾನೆ ಬಂತು. ತಂದೆ ಒಳಗಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತಂದು ಮೇಜಿನ ಮೇಲಿಟ್ಟರು. ಅದರಲ್ಲಿ ಹನ್ನೊಂದು ವರ್ಷಗಳ ತೆರಿಗೆ ಕಾಗದಗಳು, ವರ್ಷಕ್ಕೊಂದು ರಬ್ಬರ್ ಬ್ಯಾಂಡ್ ಹಾಕಿದ ಕಟ್ಟುಗಳು. ಕಾಗದವಿಲ್ಲದವರಿಗೆ ತೆರಿಗೆ ಇಲಾಖೆಯೇ ಕೊಡುವ ಐಟಿಐಎನ್ ಸಂಖ್ಯೆಯಲ್ಲಿ ಒಂದು ವರ್ಷವೂ ತಪ್ಪದೆ ಲೆಕ್ಕ ಸಲ್ಲಿಸಿದ್ದರು. ಅರ್ಜಿಗೆ ಬೇಕಾದದ್ದೆಲ್ಲ ಆ ಡಬ್ಬಿಯಲ್ಲಿತ್ತು. ಆ ಖಾನೆಯಲ್ಲಿ ಒಂಬತ್ತು ಸೊನ್ನೆ ತುಂಬಿ, ಸಹಿಯ ಹಾಳೆಯನ್ನು ಮುದ್ರಿಸಿ, ಸಹಿ ಮಾಡಿಸಿ ಅಂಚೆಗೆ ಹಾಕಿದ್ದರೆ ಸಾಕಿತ್ತು. ನಿಯಮ ಹಾಗೆಯೇ ಇತ್ತು. ನಾನು ಯಾರನ್ನೂ ಕೇಳದೆ, "ಸಂಖ್ಯೆ ಇಲ್ಲದಿದ್ದರೆ ಆಗುವುದಿಲ್ಲ, ಬಿಡಿ" ಎಂದೆ. ಆ ಮಾತನ್ನು ಸ್ಪ್ಯಾನಿಷಿನಲ್ಲಿ ತಂದೆಗೆ ತಲುಪಿಸಿದವಳೂ ಅವಳೇ. ಅವರು ಡಬ್ಬಿಯ ಮುಚ್ಚಳ ಹಾಕಿದರು.

ಮಾರ್ಚ್ 2 ದಾಟಿತು. ರಾಜ್ಯ ಕೊಡುವ ಅನುದಾನವಾದ ಕ್ಯಾಲ್ ಗ್ರಾಂಟ್‌ಗೆ ಅದೇ ಕೊನೆಯ ದಿನ. ಏಪ್ರಿಲ್‌ನಲ್ಲಿ ಶಾಲೆಯ ಸಲಹೆಗಾರ್ತಿ ವಿಷಯ ತಿಳಿದು ತಾವೇ ಕುಳಿತು ಅರ್ಜಿ ತುಂಬಿಸಿದರು. ಕೇಂದ್ರದ ಪೆಲ್ ಗ್ರಾಂಟ್ 5,775 ಡಾಲರ್ ಬಂತು, ಅದನ್ನು ತೀರಿಸಬೇಕಾಗಿಲ್ಲ. ಆದರೆ ವರ್ಷದ 12,240 ಡಾಲರ್ ಬೋಧನಾ ಶುಲ್ಕವನ್ನು ಪೂರ್ತಿ ಹೊರುತ್ತಿದ್ದ ಕ್ಯಾಲ್ ಗ್ರಾಂಟ್ ಕೈತಪ್ಪಿತ್ತು. ಆಗ 80,000 ಡಾಲರಿಗಿಂತ ಕಡಿಮೆ ಆದಾಯದ ಮನೆಯ ಮಕ್ಕಳಿಗೆ ವಿಶ್ವವಿದ್ಯಾಲಯ ಬೋಧನಾ ಶುಲ್ಕ ಬೀಳದಂತೆ ನೋಡಿಕೊಳ್ಳುತ್ತಿದ್ದ ಯೋಜನೆಗೂ ಅದೇ ಕೊನೆಯ ತಾರೀಖಾಗಿತ್ತು. ಉಳಿದ ದಾರಿ ಸಾಲವೊಂದೇ. ಅವಳು ಕಮ್ಯುನಿಟಿ ಕಾಲೇಜಿಗೆ ಸೇರಿದಳು, ರಾತ್ರಿ ಹಣ್ಣಿನ ಪ್ಯಾಕಿಂಗ್ ಶೆಡ್ಡಿನಲ್ಲಿ ದುಡಿದಳು, ಎರಡನೆಯ ವರ್ಷ ಓದು ನಿಲ್ಲಿಸಿದಳು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಸಾಲವೋ ಕಮ್ಯುನಿಟಿ ಕಾಲೇಜೋ ಎಂದು ತೂಗುವ ಹೊತ್ತು ಇನ್ನೂ ಬಂದಿಲ್ಲ. ಜಾಲತಾಣದಲ್ಲಿರುವ ಮೊತ್ತ ಆ ಕುಟುಂಬ ಕಟ್ಟುವ ಮೊತ್ತವಲ್ಲ. ನೆರವಿನ ಪತ್ರ ಕೈಗೆ ಬಂದು, ಅದರಲ್ಲಿ ಅನುದಾನ ಎಷ್ಟು, ಸಾಲ ಎಷ್ಟು ಎಂದು ಬೇರೆ ಮಾಡಿ ನೋಡಿದ ಮೇಲೆ ತಂದೆಯೇ ನಿರ್ಧರಿಸಲಿ. ಸಾಲಕ್ಕೆ ಹೆದರುವುದನ್ನು ದಯವಿಟ್ಟು ಅಜ್ಞಾನ ಎನ್ನಬೇಡಿ. ಬೆಳೆ ಕೈಕೊಟ್ಟರೆ ಯಾರೂ ಕೈಹಿಡಿಯುವುದಿಲ್ಲ ಎಂದು ಕಂಡವರ ಲೆಕ್ಕಾಚಾರ ಅದು. ಕಮ್ಯುನಿಟಿ ಕಾಲೇಜು ಕೀಳೆಂದೂ ನಾನು ಹೇಳುತ್ತಿಲ್ಲ. ಆದರೆ ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ದಾಟುವಾಗ ಓದಿದ ಕೆಲವು ವಿಷಯಗಳು ಲೆಕ್ಕಕ್ಕೆ ಬಾರದೆ ಹೋಗುವುದುಂಟು. ಆಗ ಅಗ್ಗವೆಂದು ಆರಿಸಿಕೊಂಡದ್ದೇ ದುಬಾರಿಯಾಗುತ್ತದೆ.

ಸೊನ್ನೆ ತುಂಬುವ ಪದ್ಧತಿ ಈಗಿಲ್ಲ. ಸಂಖ್ಯೆ ಇಲ್ಲದ ಪೋಷಕರೂ ಅರ್ಜಿಗೆಂದು ಜಾಲತಾಣದಲ್ಲಿ ತಮ್ಮದೇ ಖಾತೆ ತೆರೆಯಬೇಕು. 2023ರ ಡಿಸೆಂಬರ್ ಕೊನೆಯಲ್ಲಿ ಹೊಸ ಫಾಫ್ಸಾ ಅರ್ಜಿ ಬಂದಾಗ ಇಂಥ ಪೋಷಕರಿಗೆ ತಿಂಗಳುಗಟ್ಟಲೆ ಒಳಗೆ ಹೋಗಲೇ ಆಗಲಿಲ್ಲ, ಅದಕ್ಕೇ ಮೊದಲೇ ಶುರುಮಾಡಿ. ಹುಡುಗಿಗೇ ಕಾಗದವಿಲ್ಲದಿದ್ದರೆ ಫಾಫ್ಸಾ ಅಲ್ಲ, ರಾಜ್ಯದ ಡ್ರೀಮ್ ಆಕ್ಟ್ ಅರ್ಜಿ. ತಮ್ಮ ವಿವರ ಯಾರ ಕೈಗೆ ಹೋಗುತ್ತದೆ ಎಂಬ ಭಯ ಈಗ ಆ ಮನೆಗಳಲ್ಲಿ ನಿಜವಾದ ಭಯ. ಅದಕ್ಕೆ ನೀವು ಉತ್ತರ ಹೇಳಬೇಡಿ, ವಲಸೆ ಕಾನೂನು ಬಲ್ಲ ವಕೀಲರ ಬಳಿ ಕರೆದುಕೊಂಡು ಹೋಗಿ. ಗೊತ್ತಿಲ್ಲದ್ದನ್ನು ಗೊತ್ತಿರುವವನಂತೆ ಹೇಳಿ ಒಮ್ಮೆ ಒಂದು ಡಬ್ಬಿ ಮುಚ್ಚಿಸಿದವನು ನಾನು.

ಎರಡು ವರ್ಷದ ನಂತರ ಅವಳ ತಮ್ಮನ ಸರದಿ ಬಂತು. ಅದೇ ಮನೆ, ಅಷ್ಟೇ ಆದಾಯ. ಅರ್ಜಿ ತೆರೆದ ವಾರವೇ ಅವಳು ಡಬ್ಬಿಯನ್ನು ತಾನೇ ಇಳಿಸಿ, ತಂದೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು, ಒಂಬತ್ತು ಸೊನ್ನೆಗಳನ್ನು ತುಂಬಿದಳು. ಅವನು ಬೋಧನಾ ಶುಲ್ಕವೆಂದು ಒಂದು ಡಾಲರನ್ನೂ ಕಟ್ಟದೆ ಪದವಿ ಮುಗಿಸಿದ.